ಹೋಮ್ ಎಂಬ ಮಾತು

ಪಾಠ: ಮಾರ್ಕನ ಸುವಾರ್ತೆ ೧೦ನೆಯ ಅಧ್ಯಾಯ, ೨೮ರಿಂದ ೩೦ನೆಯ ವಚನಗಳು



ಮೇಲೆ ಸೂಚಿಸಿದ ವಚನಗಳನ್ನು ಸತ್ಯವೇದದಲ್ಲಿ ತೆರೆದು ಮೊದಲು ಓದಿಕೊಳ್ಳಿರಿ. ಓದಲು ಬಾರದವರು ಮಕ್ಕಳಿಂದ ಓದಿಸಿ ಕೇಳಿರಿ. ತನ್ನ ನಿಮಿತ್ತವಾಗಿ ಮನೆಯನ್ನು ಬಿಟ್ಟವರಿಗೆ ನಮ್ಮ ಕರ್ತನು ಅಲ್ಲಿ ಒಂದು ದೊಡ್ಡ ವಾಗ್ದಾನವನ್ನು ಕೊಡುತ್ತಾನೆ. ಆ ವಾಗ್ದಾನದ ಅರ್ಥವು ನಮಗೆ ಸ್ಪಷ್ಟವಾಗುವಂತೆ ಈ ತಿಂಗಳು ಇಂಗ್ಲಿಷ್ ಭಾಷೆಯ ಒಂದು ಚಿಕ್ಕ ಮಾತನ್ನು ವಿಚಾರಿಸೋಣ. ಅದು ಹೋಮ್ ಎಂಬದು. ಬೆಂಕಿಯಲ್ಲಿ ಆಹುತಿ ಕೊಡುವ ಹೋಮವಲ್ಲ. ಮನೆ ಎಂಬರ್ಥವುಳ್ಳ ಹೋಮ್.

ಪರಭಾಷೆಯ ಮಾತಿನಿಂದ ಹಳ್ಳಿಯವರಾದ ನಮಗೇನು ಎಂದು ಕೆಲವರು ಕೇಳಬಹುದು. ಆದರೆ ಈ ಮಾತು ನಮ್ಮ ಹೊಸ್ತಿಲನ್ನು ದಾಟಿ ಒಳಗೆ ಬಂದಾಗಿದೆ. ಮಕ್ಕಳು ಶಾಲೆಯಿಂದ ಹೋಮ್ ವರ್ಕ್ ತರುತ್ತಾರೆ. ರೋಗಿಯನ್ನು ಪಟ್ಟಣದ ನರ್ಸಿಂಗ್ ಹೋಮಿಗೆ ಒಯ್ಯುತ್ತೇವೆ. ಮನೆ ಕಟ್ಟುವವನು ಬ್ಯಾಂಕಿನಲ್ಲಿ ಹೋಮ್ ಲೋನ್ ಕೇಳುತ್ತಾನೆ. ಜಾತ್ರೆಯ ಜನಸಂದಣಿಯನ್ನು ಹೋಮ್ ಗಾರ್ಡ್ ಕಾಯುತ್ತಾನೆ. ಕೊಡಗಿನ ಮತ್ತು ಮಲೆನಾಡಿನ ದಾರಿಗಳಲ್ಲಿ ಹೋಮ್ ಸ್ಟೇ ಎಂಬ ಹಲಗೆಗಳು ಕಾಣುತ್ತವೆ. ಪೊಲೀಸಿನವರನ್ನು ಆಳುವ ಸರಕಾರದ ಗೃಹಖಾತೆಯೂ ಇಂಗ್ಲಿಷಿನಲ್ಲಿ ಹೋಮ್ ಡಿಪಾರ್ಟ್‌ಮೆಂಟೇ. ಕಡೆಗೆ, ನೋಡುವವರಿಲ್ಲದ ಮುದುಕರಿಗೆ ಓಲ್ಡ್ ಏಜ್ ಹೋಮ್ ಎಂಬದೂ ಉಂಟು. ಒಂದೇ ಮಾತು ಇಷ್ಟು ಹೊರೆಯನ್ನು ಹೊತ್ತಿರುವಾಗ ಅದರ ನಿಜವಾದ ತಿರುಳು ಯಾವದು ಎಂದು ವಿಚಾರಿಸುವದು ಯುಕ್ತವಾಗಿದೆ.

ಮೊದಲನೆಯದಾಗಿ, ಈ ಮಾತಿನ ಹುಟ್ಟನ್ನು ನೋಡೋಣ.

ನಾವು ಮನೆ ಎಂದು ಹೇಳುವಲ್ಲಿ ಇಂಗ್ಲಿಷಿನವರಿಗೆ ಎರಡು ಮಾತುಗಳಿವೆ. ಕಲ್ಲು ಮಣ್ಣು ಮರಗಳಿಂದ ಕಟ್ಟಿದ್ದು ಹೌಸ್; ಅದನ್ನು ಕೊಳ್ಳಬಹುದು, ಮಾರಬಹುದು, ಬಾಡಿಗೆಗೆ ಕೊಡಬಹುದು. ಹೋಮ್ ಅಂಥದ್ದಲ್ಲ. ಅದು ಪ್ರಾಚೀನ ಇಂಗ್ಲಿಷಿನಲ್ಲಿ ಹಾಮ್ ಎಂದಿತ್ತು. ವಾಸಸ್ಥಾನ, ಹಳ್ಳಿ ಎಂಬ ಎರಡರ್ಥವೂ ಅದಕ್ಕಿತ್ತು. ನಮ್ಮ ಊರುಗಳ ಹೆಸರಿನ ಕೊನೆಯಲ್ಲಿ ಹಳ್ಳಿ ಎಂದೂ ಊರು ಎಂದೂ ಬರುವ ಹಾಗೆ, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಎಂಬ ಪಟ್ಟಣಗಳ ಹೆಸರಿನ ಬಾಲದಲ್ಲಿ ಅದು ಇಂದಿಗೂ ಅಂಟಿಕೊಂಡಿದೆ. ಆ ಭಾಷೆಯ ನೆಂಟಭಾಷೆಯಾದ ಗಾಥಿಕಿಗೆ ೪ನೆಯ ಶತಮಾನದಲ್ಲಿ ಉಲ್ಫಿಲಾ ಎಂಬ ಬಿಷಪನು ಸತ್ಯವೇದವನ್ನು ತಂದನು. ನಮ್ಮ ಸ್ವಾಮಿಯು ಹಳ್ಳಿ ಹಳ್ಳಿಗೆ ಹೋದನೆಂಬ ಸಂಗತಿಯನ್ನು ಹೇಳಬೇಕಾದಲ್ಲಿ ಹಳ್ಳಿ ಎಂಬದಕ್ಕೆ ಆ ಭಾಷಾಂತರದಲ್ಲಿರುವ ಮಾತು ಹೋಮ್ ಎಂಬ ಮಾತಿನ ಒಡಹುಟ್ಟೇ. ಹೀಗಿರಲಾಗಿ ಹೋಮ್ ಎಂಬದು ಮೊದಲು ನಾಲ್ಕು ಗೋಡೆಗಳ ಹೆಸರಲ್ಲ. ಜನರು ಕೂಡಿ ಬಾಳುವ ನೆಲೆಯ ಹೆಸರು.

ಇದು ನಮಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಕೂಲಿಗಿರುವ ನಮ್ಮ ಹುಡುಗನು ಹಬ್ಬಕ್ಕೆ ಹೊರಡುವಾಗ ಮನೆಗೆ ಹೋಗುತ್ತೇನೆ ಅನ್ನದೆ ಊರಿಗೆ ಹೋಗುತ್ತೇನೆ ಅನ್ನುತ್ತಾನೆ. ಅವನ ಬಾಯಲ್ಲಿ ಊರು ಎಂಬದೇ ಹೋಮ್. ಇನ್ನೊಂದು ವಿಶೇಷವನ್ನು ನೋಡಿರಿ. ಶಾಲೆಗೆ, ಸಂತೆಗೆ, ದೇವಾಲಯಕ್ಕೆ ಹೋಗುತ್ತೇನೆ ಎನ್ನುವಾಗ ನಮ್ಮ ಗೆ, ಕ್ಕೆ ಎಂಬ ಪ್ರತ್ಯಯಗಳಿರುವಂತೆ ಇಂಗ್ಲಿಷಿನವರು ಟು ಎಂಬದನ್ನು ಹೇಳಬೇಕು. ಹೋಮಿಗೆ ಹೋಗುವಾಗ ಮಾತ್ರ ಅದು ಬೇಡ. ಗೋ ಹೋಮ್ ಅಂದರೆ ಸಾಕು. ನಮ್ಮ ಮಕ್ಕಳು ಇಲ್ಲಿಯೇ ತಪ್ಪಿ ಉಪಾಧ್ಯಾಯರಿಂದ ಬೈಸಿಕೊಳ್ಳುತ್ತಾರೆ. ವ್ಯಾಕರಣದವರು ಇದಕ್ಕೆ ಹಳೆಯ ವಿಭಕ್ತಿಯ ಕಾರಣವನ್ನು ಹೇಳುತ್ತಾರೆ. ನಮಗಾದರೋ ಇದರಲ್ಲಿ ಒಂದು ಉಪದೇಶವೂ ಕಾಣುತ್ತದೆ. ಬೇರೆ ಬಾಗಿಲುಗಳಲ್ಲಿ ಯಾರು, ಯಾಕೆ ಬಂದಿರಿ ಎಂದು ಕೇಳುತ್ತಾರೆ. ಯಾವ ಬಾಗಿಲಲ್ಲಿ ಆ ಪ್ರಶ್ನೆಯಿಲ್ಲವೋ ಅದೇ ಹೋಮ್.

ಎರಡನೆಯದಾಗಿ, ಮನೆಯಿದ್ದೂ ಹೋಮ್ ಇಲ್ಲದಿರುವದು ಸಾಧ್ಯ.

ಇಂಗ್ಲಿಷಿನವರಿಗೆ ಇಲ್ಲದ ಒಂದು ಮಾತು ನಮ್ಮ ಹೆಣ್ಣುಮಕ್ಕಳಿಗಿದೆ, ಅದು ತವರು. ಮದುವೆಯಾದ ಹೆಣ್ಣಿಗೆ ಎರಡು ಮನೆಗಳು. ತಂದೆತಾಯಿಗಳು ತೀರಿಹೋದ ಮೇಲೆ ಅಣ್ಣತಮ್ಮಂದಿರ ಬಾಗಿಲು ಮೊದಲಿನಂತೆ ತೆರೆಯುವದಿಲ್ಲ. ಗಂಡನ ಮನೆಯಲ್ಲಿ ಗಂಡನು ಸತ್ತರೆ, ಅವಳು ಉಣ್ಣುವ ತುತ್ತನ್ನು ಎಣಿಸುವವರು ಏಳುತ್ತಾರೆ. ಮನೆ ಎರಡು, ಹೋಮ್ ಒಂದೂ ಇಲ್ಲ. ಇಂಥ ಸಹೋದರಿಯರು ನಮ್ಮ ಸಭೆಗಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು?

ರೂತಳ ಪುಸ್ತಕವು ಇಂಥ ಸ್ತ್ರೀಯರ ಕಥೆಯೇ. ಇಬ್ರಿಯ ಭಾಷೆಯಲ್ಲಿ ಬೇತ್ ಎಂದರೆ ಮನೆ. ಬೇತೇಲ್ ದೇವರ ಮನೆ, ಬೇತ್ಲೆಹೇಮ್ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲಿಯೇ ಬರಗಾಲ ಬಂದು ನೊವೊಮಿಯು ಗಂಡನೊಡನೆಯೂ ಇಬ್ಬರು ಮಕ್ಕಳೊಡನೆಯೂ ಮೋವಾಬಿಗೆ ಹೋದಳು. ಅಲ್ಲಿ ಮೂವರೂ ಸತ್ತರು. ಆಗ ಅವಳು ಸೊಸೆಯರಿಬ್ಬರಿಗೂ ಅವರವರ ತಾಯಿಯ ಮನೆಗೆ, ಅಂದರೆ ತವರಿಗೆ, ಹಿಂದಿರುಗಬೇಕೆಂದು ಹೇಳಿದಳು. ಒರ್ಫಳು ಹೋದಳು. ರೂತಳು ತವರನ್ನು ಬಿಟ್ಟು ಅತ್ತೆಯ ಹಿಂದೆ ನಡೆದಳು. ಬೇತ್ಲೆಹೇಮಿಗೆ ಮುಟ್ಟಿದಾಗ ನೊವೊಮಿಯು ಊರ ಹೆಂಗಸರ ಮುಂದೆ, ತಾನು ತುಂಬಿದವಳಾಗಿ ಹೋಗಿ ಬರಿದಾಗಿ ಬಂದೆನೆಂದು ಗೋಳಾಡಿದಳು. ೧೬೧೧ರ ಇಂಗ್ಲಿಷ್ ಸತ್ಯವೇದವು ಈ ಸ್ಥಳದಲ್ಲಿ ಹೋಮ್ ಎಂಬ ಮಾತನ್ನೇ ಇಟ್ಟಿದೆ. ಹೋಮಿಗೆ ಬಂದದ್ದಾಯಿತು, ಬರಿಗೈಯಲ್ಲಿ ಎಂಬದು ಅದರ ಭಾವ.

ಪ್ರಿಯರೇ, ಅವಳು ನಿಜವಾಗಿ ಬರಿದಾಗಿ ಬಂದಳೋ? ರೂತಳು ಪಕ್ಕದಲ್ಲಿಯೇ ನಿಂತಿದ್ದಳಲ್ಲವೋ? ನೊವೊಮಿಯು ಸತ್ತವರನ್ನು ಎಣಿಸಿದಳು, ಹೋದ ಸಂಪತ್ತನ್ನು ಎಣಿಸಿದಳು. ತನಗಾಗಿ ಎಲ್ಲವನ್ನೂ ಬಿಟ್ಟುಬಂದವಳನ್ನು ಎಣಿಸಲಿಲ್ಲ. ನಾವೂ ಹೀಗೆಯೇ ಗೋಡೆಯನ್ನೂ ಹೊಲವನ್ನೂ ಎಣಿಸುತ್ತೇವೆ. ಪಕ್ಕದಲ್ಲಿ ನಿಂತಿರುವ ಮನುಷ್ಯನನ್ನು ಕಾಣುವದಿಲ್ಲ. ಬರಿದೆಂದು ಅವಳು ಎಣಿಸಿದ ಆ ಸೊಸೆಯ ವಂಶದಲ್ಲಿಯೇ ದಾವೀದನೂ, ದಾವೀದನ ಕುಮಾರನಾದ ನಮ್ಮ ಕರ್ತನೂ ಹುಟ್ಟಿದರು.

ಮೂರನೆಯದಾಗಿ, ಹೋಮಿನ ಹಂಬಲವು ಮನುಷ್ಯನನ್ನು ಹಾಸಿಗೆಗೆ ಕೆಡವುವಷ್ಟು ಬಲವುಳ್ಳದ್ದು.

೧೬೮೮ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಯೋಹಾನ್ನೆಸ್ ಹೋಫರ್ ಎಂಬ ಯೌವನಸ್ಥ ವೈದ್ಯ ವಿದ್ಯಾರ್ಥಿಯು ಈ ಹಂಬಲವನ್ನು ಒಂದು ರೋಗವೆಂದೇ ವರ್ಣಿಸಿ ಪ್ರಬಂಧವನ್ನು ಬರೆದನು. ಗ್ರೀಕಿನಲ್ಲಿ ಹಿಂದಿರುಗುವಿಕೆ, ನೋವು ಎಂಬರ್ಥವುಳ್ಳ ಎರಡು ಮಾತುಗಳನ್ನು ಜೋಡಿಸಿ ಅವನು ಅದಕ್ಕೆ ನಾಸ್ಟಾಲ್ಜಿಯ ಎಂದು ಹೆಸರಿಟ್ಟನು. ಬೆರ್ನ್ ಪಟ್ಟಣದಿಂದ ಓದಲು ಬಂದ ಒಬ್ಬನು ಬಾಸೆಲಿನಲ್ಲಿ ಜ್ವರದಿಂದಲೂ ಎದೆಯ ತಳಮಳದಿಂದಲೂ ಸಾಯುವ ಹಾಗಾದನು. ಊರಿಗೆ ಕಳುಹಿಸಲು ಏರ್ಪಡಿಸಿದಾಗ ದಾರಿಯಲ್ಲಿಯೇ ಚೇತರಿಸಿಕೊಂಡನು. ಆಸ್ಪತ್ರೆಯಲ್ಲಿದ್ದ ಒಬ್ಬ ಹಳ್ಳಿಯ ಹುಡುಗಿಯು ಮದ್ದನ್ನೂ ಊಟವನ್ನೂ ಒಲ್ಲದೆ, ಮನೆಗೆ ಹೋಗಬೇಕೆಂಬ ಒಂದೇ ಮಾತನ್ನು ಹೇಳುತ್ತಿದ್ದಳು. ಮನೆಗೆ ಒಯ್ದ ಮೇಲೆ ಗುಣ ಹೊಂದಿದಳು. ಇಂದಿನ ವೈದ್ಯರು ಇದನ್ನು ರೋಗಗಳ ಪಟ್ಟಿಯಲ್ಲಿ ಇಡುವದಿಲ್ಲ. ಆದರೂ ಆ ನೋವು ಸುಳ್ಳಲ್ಲ.

ಆ ಬಾಸೆಲ್ ಪಟ್ಟಣದ ಹೆಸರು ನಮ್ಮ ನಾಡಿನ ಸಭೆಗಳಿಗೆ ಚೆನ್ನಾಗಿ ಗೊತ್ತುಂಟು. ಅಲ್ಲಿ ೧೮೧೫ರಲ್ಲಿ ಸ್ಥಾಪನೆಯಾದ ಮಿಶನ್ ಸಂಘದಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಅನೇಕರು ಚಿಕ್ಕ ಮಕ್ಕಳನ್ನು ಓದಿಗಾಗಿ ಯೂರೋಪಿಗೆ ಕಳುಹಿಸಿ ವರುಷಗಟ್ಟಲೆ ಅಗಲಿರುತ್ತಿದ್ದರು. ಈ ನಾಡಿನಲ್ಲಿ ಹುಟ್ಟಿ, ಆಯಾಗಳ ಬಾಯಿಂದ ಇಲ್ಲಿಯ ಮಾತನ್ನು ಕಲಿತ ಆ ಮಕ್ಕಳಿಗೆ, ತಾವು ಎಂದೂ ನೋಡದ ದೇಶವೇ ನಿಮ್ಮ ಹೋಮ್ ಎಂದು ದೊಡ್ಡವರು ಹೇಳಿದರು. ಹಡಗು ದಡವನ್ನು ಬಿಡುವಾಗ ಅವರು ಹೋಮಿಗೆ ಹೋಗುತ್ತಿದ್ದರೋ, ಹೋಮನ್ನು ಬಿಡುತ್ತಿದ್ದರೋ? ಭೂಪಟವನ್ನು ತೋರಿಸಿ ಮಗುವಿನ ಹೃದಯಕ್ಕೆ ಅದರ ಹೋಮ್ ಯಾವದೆಂದು ಕಲಿಸುವದಕ್ಕಾಗದು.

ನಾಲ್ಕನೆಯದಾಗಿ, ಹೆಸರಿಟ್ಟ ಮಾತ್ರಕ್ಕೆ ಹೋಮ್ ಆಗುವದಿಲ್ಲ.

ಈ ದೇಶವನ್ನು ಆಳಿದ ಇಂಗ್ಲಿಷರು ಹೋಮ್ ಎಂದರೆ ಇಂಗ್ಲೆಂಡೇ. ಇಲ್ಲಿಯ ತೆರಿಗೆಯಿಂದ ಪ್ರತಿವರುಷವೂ ಅಲ್ಲಿಗೆ ಹೋಗುತ್ತಿದ್ದ ಹಣಕ್ಕೆ ಹೋಮ್ ಚಾರ್ಜಸ್ ಎಂದು ಹೆಸರು. ಸಾಲದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ಲಂಡನಿನ ಕಚೇರಿಯ ವೆಚ್ಚ ಇವೆಲ್ಲವೂ ಅದರಲ್ಲಿ ಸೇರಿದ್ದವು. ಆಗ ಆಳಲ್ಪಟ್ಟವರು ಅದೇ ಮಾತನ್ನು ಕೈಗೆ ತೆಗೆದುಕೊಂಡರು. ೧೯೧೬ರ ಏಪ್ರಿಲಿನಲ್ಲಿ ನಮ್ಮ ಬೆಳಗಾವಿಯಲ್ಲಿಯೇ ತಿಲಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಅದೇ ವರುಷದ ಸೆಪ್ಟೆಂಬರಿನಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಇನ್ನೊಂದನ್ನು ಆರಂಭಿಸಿದರು. ನಮ್ಮ ಮನೆಯನ್ನು ನಾವೇ ಆಳಿಕೊಳ್ಳಬೇಕೆಂಬದೇ ಅದರ ಅರ್ಥ. ತನ್ನ ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದವನಿಗೆ ಅದು ಹೋಮ್ ಅಲ್ಲವೆಂಬದನ್ನು ಹೀಗೆ ಒಂದು ದೇಶವೇ ಹೇಳಿತು.

ಇದಕ್ಕಿಂತ ದುಃಖಕರವಾದ ಸಂಗತಿಯೊಂದುಂಟು. ಅದು ಕ್ರೈಸ್ತರ ಕೈಯಿಂದಲೇ ಆದದ್ದರಿಂದ ನಾವು ಅದನ್ನು ಮರೆಮಾಡಬಾರದು. ಬ್ರಿಟನಿನ ಪಟ್ಟಣಗಳಲ್ಲಿದ್ದ ಬಡಮಕ್ಕಳಿಗಾಗಿ ಭಕ್ತರಾದ ಜನರು ಹೋಮ್ ಎಂಬ ಹೆಸರಿನ ಆಶ್ರಯಗಳನ್ನು ಕಟ್ಟಿದರು. ೧೮೬೯ರಿಂದ ಮೊದಲುಗೊಂಡು ಅರುವತ್ತಕ್ಕೂ ಹೆಚ್ಚು ವರುಷಗಳಲ್ಲಿ ಅಂಥ ಆಶ್ರಯಗಳಿಂದಲೂ ಸಂಘಗಳಿಂದಲೂ ೧,೦೦,೦೦೦ಕ್ಕೂ ಮಿಕ್ಕಿದ ಮಕ್ಕಳನ್ನು ಹಡಗು ಹತ್ತಿಸಿ ಕೆನಡಾ ದೇಶಕ್ಕೆ ಕಳುಹಿಸಿದರು. ಅಲ್ಲಿ ಹುಡುಗರು ಹೊಲಗಳಲ್ಲಿ, ಹುಡುಗಿಯರು ಮನೆಗೆಲಸದಲ್ಲಿ ದುಡಿಯಬೇಕಾಯಿತು. ಅವರಲ್ಲಿ ಬಹುಮಂದಿ ಅನಾಥರಲ್ಲ. ತಂದೆಯೋ ತಾಯಿಯೋ ಬದುಕಿದ್ದರು. ಕೆಲವರನ್ನು ಒಳ್ಳೆಯ ಮನೆಗಳವರು ಮಕ್ಕಳಂತೆ ಸಾಕಿದರು. ಅನೇಕರು ಕೊಟ್ಟಿಗೆಯಲ್ಲಿ ಮಲಗಿ, ಏಟು ತಿಂದು, ಯಾರಿಗೂ ಬೇಡದವರಾಗಿ ಬೆಳೆದರು. ಲೋಕವು ಅವರಿಗೆ ಇಟ್ಟ ಹೆಸರು ಹೋಮ್ ಚಿಲ್ಡ್ರನ್, ಅಂದರೆ ಹೋಮಿನ ಮಕ್ಕಳು. ಹೋಮ್ ಇಲ್ಲದವರಿಗೆ ಹೋಮಿನ ಹೆಸರು! ಆಸ್ಟ್ರೇಲಿಯಾಕ್ಕೂ ಹೀಗೆಯೇ ಮಕ್ಕಳನ್ನು ಕಳುಹಿಸಿದರು. ೨೦೦೯ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಆಗಿನ ಪ್ರಧಾನಮಂತ್ರಿ ಕೆವಿನ್ ರಡ್ಡರೂ, ೨೦೧೦ರ ಫೆಬ್ರವರಿಯಲ್ಲಿ ಬ್ರಿಟನಿನ ಆಗಿನ ಪ್ರಧಾನಮಂತ್ರಿ ಗಾರ್ಡನ್ ಬ್ರೌನರೂ ತಮ್ಮ ದೇಶಗಳ ಪರವಾಗಿ ಕ್ಷಮೆ ಬೇಡಿದರು. ಕ್ಷಮೆಯನ್ನು ಕೇಳುವದಕ್ಕೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ಆಗ ಉಳಿದಿರಲಿಲ್ಲ. ಕಳುಹಿಸಿದವರಲ್ಲಿ ಅನೇಕರು ದುಷ್ಟರಲ್ಲ, ಪ್ರಾರ್ಥನೆ ಮಾಡುವವರು. ಆದರೆ ಮಗುವಿಗೆ ಅನ್ನ, ಹಾಸಿಗೆ, ಕೆಲಸ ಸಿಕ್ಕಿದರೆ ಸಾಕು, ಬೇಕೆನ್ನುವವರು ಇಲ್ಲದಿದ್ದರೂ ಆದೀತೆಂದು ಅವರು ನೆನಸಿದರು.

ಐದನೆಯದಾಗಿ, ಈಗ ನಮ್ಮ ಪಾಠಕ್ಕೆ ಬರೋಣ.

ನರಿಗಳಿಗೆ ಗುದ್ದುಗಳಿದ್ದರೂ ಹಕ್ಕಿಗಳಿಗೆ ಗೂಡುಗಳಿದ್ದರೂ ತನಗೆ ತಲೆಯಿಡುವ ಸ್ಥಳವಿಲ್ಲವೆಂದು ನಮ್ಮ ಸ್ವಾಮಿಯು ಹೇಳಿದ್ದನ್ನು ನೀವು ಬಲ್ಲಿರಿ. ಮನೆಯಿಲ್ಲದವನಾದ ಆತನೇ, ತನ್ನ ನಿಮಿತ್ತ ಮನೆಯನ್ನೂ ಅಣ್ಣತಮ್ಮಂದಿರನ್ನೂ ತಂದೆತಾಯಿಗಳನ್ನೂ ಭೂಮಿಯನ್ನೂ ಬಿಟ್ಟವನಿಗೆ ನೂರರಷ್ಟು ದೊರೆಯುವದೆಂದು ಮಾತು ಕೊಟ್ಟನು. ಎಂದು ದೊರೆಯುವದು? ಸತ್ತ ಮೇಲೆ ಮಾತ್ರವೋ? ಅಲ್ಲ, ನಿತ್ಯಜೀವವು ಮುಂದಿನ ಲೋಕದಲ್ಲಿ, ಮನೆಗಳಾದರೋ ಈ ಕಾಲದಲ್ಲಿಯೇ, ಹಿಂಸೆಗಳ ಸಹಿತವಾಗಿ. ಇನ್ನೂ ಸೂಕ್ಷ್ಮವಾಗಿ ನೋಡಿರಿ. ಬಿಟ್ಟವರ ಪಟ್ಟಿಯಲ್ಲಿ ತಂದೆಯ ಹೆಸರುಂಟು; ದೊರೆಯುವವರ ಪಟ್ಟಿಯಲ್ಲಿ ತಾಯಂದಿರೂ ಅಣ್ಣತಮ್ಮಂದಿರೂ ಮಕ್ಕಳೂ ಇದ್ದಾರೆ, ತಂದೆ ಮಾತ್ರ ಇಲ್ಲ. ಪರಲೋಕದಲ್ಲಿರುವ ತಂದೆಯು ಒಬ್ಬನೇ ಸಾಕೆಂದು ಇದರಿಂದ ತಿಳಿಯಬಹುದು.

ಹಾಗಾದರೆ ಆ ನೂರು ಮನೆಗಳು ಎಲ್ಲಿವೆ? ಆಕಾಶದಿಂದ ಇಳಿದು ಬರುವವೋ? ಪ್ರಿಯರೇ, ಅವು ನಮ್ಮ ಮನೆಗಳೇ. ಬೇರೆ ಮನೆಗಳನ್ನು ಕರ್ತನು ಇಟ್ಟಿಲ್ಲ. ನಂಬಿಕೆಯ ನಿಮಿತ್ತ ಒಬ್ಬನ ಹಿಂದೆ ಅವನ ತಂದೆಯ ಬಾಗಿಲು ಮುಚ್ಚಿದಾಗ, ಆತನು ಕೊಟ್ಟ ಮಾತು ನೆರವೇರಬೇಕಾದದ್ದು ನಮ್ಮ ಹೊಸ್ತಿಲಲ್ಲಿ. ನಮ್ಮ ಬಾಗಿಲೂ ಮುಚ್ಚಿದರೆ ಆ ಸಹೋದರನ ದೃಷ್ಟಿಯಲ್ಲಿ ನಾವು ಕರ್ತನನ್ನೇ ಸುಳ್ಳುಗಾರನನ್ನಾಗಿ ಮಾಡಿದ ಹಾಗಾಯಿತು. ಮನೆಯನ್ನೂ ಕಸುಬನ್ನೂ ಕಳಕೊಂಡವರಿಗಾಗಿ ಮಂಗಳೂರಿನ ಮಿಶನಿನವರು ನೇಯ್ಗೆಯನ್ನು ಆರಂಭಿಸಿದರು, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಕಟ್ಟಿದರು. ಅದು ಒಳ್ಳೆಯ ಕೆಲಸ. ಆದರೆ ಹೆಂಚು ಮಳೆಯನ್ನು ತಡೆಯುತ್ತದೆ. ಉಂಡೆಯೋ, ಯಾಕೆ ತಡವಾಯಿತು ಎಂದು ಕೇಳುವದಿಲ್ಲ. ಅದನ್ನು ಕೇಳಬೇಕಾದವರು ನಾವು.

ಆದಕಾರಣ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ. ಭಾನುವಾರ ದೇವಾಲಯದಲ್ಲಿ ಸಹೋದರನೇ ಎಂದು ಕರೆದವನು ಕ್ರಿಸ್ಮಸ್ ಹಬ್ಬದ ಮಧ್ಯಾಹ್ನ ಯಾರ ಮನೆಯಲ್ಲಿ ಉಣ್ಣುತ್ತಾನೆಂದು ನಾವು ಬಲ್ಲೆವೋ? ಹೊಸದಾಗಿ ಸಭೆಗೆ ಸೇರಿದವನ ಮಗಳ ಮದುವೆಯಲ್ಲಿ ಹೆಣ್ಣಿನ ಕಡೆಯವರಾಗಿ ನಿಲ್ಲುವವರು ಯಾರು? ಅವನ ಹೆಣವನ್ನು ಹೊರುವವರು ಯಾರು? ಹಳೆಯ ಕ್ರೈಸ್ತ ಮನೆತನ, ಹೊಸ ಕ್ರೈಸ್ತ ಮನೆತನ ಎಂದೂ, ಹಿಂದೆ ಯಾವ ಕುಲದವನಾಗಿದ್ದನೆಂದೂ ಗುಟ್ಟಾಗಿ ವಿಚಾರಿಸುವ ನಮ್ಮ ಬಾಯಿಗಳು ಎಷ್ಟು ಮಂದಿಯ ನೂರು ಮನೆಗಳನ್ನು ಕೆಡವಿಹಾಕಿವೆ!

ತವರು ಮುಚ್ಚಿದ ಸೊಸೆಗೆ ಅತ್ತೆಯು ತಾಯಿಯಾಗಲಿ. ನೊವೊಮಿಯ ಹಾಗೆ ಅವಳನ್ನು ಎಣಿಸದೆ ಬಿಡಬೇಡಿರಿ. ಮುದುಕನಾದ ತಂದೆಗೆ ಜಗಲಿಯ ಮೂಲೆಯನ್ನು ಕೊಟ್ಟು ಮಾತನ್ನು ಕೊಡದಿದ್ದರೆ ಅವನು ತಾನು ಕಟ್ಟಿದ ಮನೆಯಲ್ಲಿಯೇ ಪರದೇಶಿ. ಶಿಲುಬೆಯ ಮೇಲಿದ್ದ ನಮ್ಮ ಸ್ವಾಮಿಯು ಆ ವೇದನೆಯಲ್ಲಿಯೂ ತನ್ನ ತಾಯಿಗೆ ಒಂದು ಮನೆಯನ್ನು ಗೊತ್ತುಮಾಡಿದನು. ಶಿಷ್ಯನು ಅವಳನ್ನು ತನ್ನ ಬಳಿಗೆ ಕರಕೊಂಡು ಹೋದನು. ಕೂಲಿಗಾಗಿ ದೂರದಿಂದ ಬಂದು ತೋಟದ ಲೈನುಗಳಲ್ಲಿ ಇಳಿದಿರುವವರೂ ಇದ್ದಾರೆ. ಅವರ ಮತ ಯಾವದೇ ಆಗಲಿ, ಅವರ ಎದೆಯ ನೋವು ಬಾಸೆಲಿನ ಆ ವಿದ್ಯಾರ್ಥಿಯ ನೋವೇ. ಒಂದು ಲೋಟ ಕಾಫಿಯೂ ಊರು ಯಾವದಪ್ಪಾ ಎಂಬ ಒಂದು ವಿಚಾರಣೆಯೂ ನಮಗೆ ದೊಡ್ಡ ವೆಚ್ಚವಲ್ಲ.

ಇನ್ನೊಂದು ಮಾತು. ನಮ್ಮನ್ನು ಹೊರಗೆ ಹಾಕಿದ ಮನೆಯನ್ನು ನಾವು ದ್ವೇಷಿಸಬಾರದು. ಗೆರಸೇನರ ಸೀಮೆಯಲ್ಲಿ ದೆವ್ವಗಳಿಂದ ಬಿಡುಗಡೆ ಹೊಂದಿದವನು ಯೇಸುವಿನೊಡನೆ ಬರುತ್ತೇನೆಂದು ಬೇಡಿಕೊಂಡಾಗ, ಸ್ವಾಮಿಯು ಅವನನ್ನು ತನ್ನ ಮನೆಗೂ ಮನೆಯವರ ಬಳಿಗೂ ಹಿಂದಕ್ಕೆ ಕಳುಹಿಸಿದನು. ಆ ಮನೆಯವರು ಅವನನ್ನು ಸಂಕೋಲೆಯಿಂದ ಕಟ್ಟಿದ್ದ ಊರಿನವರೇ. ತಾಯಿಗೆ ಕಾಯಿಲೆಯೆಂದು ಕೇಳಿದರೆ ಕರೆ ಬರಲೆಂದು ಕಾಯದೆ ಹೋಗಿರಿ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತು ಕ್ಷೇಮವನ್ನು ವಿಚಾರಿಸಿ ಬನ್ನಿರಿ. ಅವರ ಬಾಗಿಲು ಮುಚ್ಚಿರಬಹುದು, ನಿಮ್ಮದು ಮುಚ್ಚದಿರಲಿ.

ಕೊನೆಯದಾಗಿ, ನಮ್ಮೆಲ್ಲರಿಗೂ ಇನ್ನೊಂದು ಹೋಮ್ ಉಂಟು.

ಹೋಮ್ ಸ್ವೀಟ್ ಹೋಮ್ ಎಂಬ ಹೆಸರಾದ ಹಾಡಿನ ಮಾತುಗಳನ್ನು ಬರೆದವನು ಅಮೆರಿಕದ ಜಾನ್ ಹೊವಾರ್ಡ್ ಪೇನ್. ೧೮೨೩ರಲ್ಲಿ ಲಂಡನಿನ ನಾಟಕಶಾಲೆಯಲ್ಲಿ ಮೊದಲು ಹಾಡಲ್ಪಟ್ಟ ಅದನ್ನು ಕೇಳಿ ಎಷ್ಟೋ ಜನರು ಕಣ್ಣೀರಿಟ್ಟರು. ಬರೆದವನಾದರೋ ಮದುವೆಯಾಗದೆ, ಬಹುಕಾಲ ಪರದೇಶಗಳಲ್ಲಿದ್ದು, ೧೮೫೨ರಲ್ಲಿ ಆಫ್ರಿಕದ ಟ್ಯೂನಿಸಿನಲ್ಲಿ ಸತ್ತನು. ೧೮೮೩ರಲ್ಲಿ ಅವನ ಎಲುಬುಗಳನ್ನು ಸ್ವದೇಶಕ್ಕೆ ತಂದು ವಾಷಿಂಗ್ಟನಿನಲ್ಲಿ ಹೂಣಿಟ್ಟರು. ಮನುಷ್ಯರ ಪ್ರೀತಿಯು ಮಾಡಬಲ್ಲದ್ದು ಅಷ್ಟೇ. ಆದರೆ ನಮ್ಮ ಕರ್ತನು ತಂದೆಯ ಮನೆಯಲ್ಲಿ ಅನೇಕರಿಗೆ ಸ್ಥಳವುಂಟೆಂದೂ, ಅದನ್ನು ಸಿದ್ಧಮಾಡಲು ತಾನು ಮುಂದಾಗಿ ಹೋಗುತ್ತೇನೆಂದೂ ಹೇಳಿದನು. ಅಲ್ಲಿ ನಮ್ಮನ್ನು ಬೇಕೆನ್ನುವವನು ಉಂಟು.

ಆದರೂ ಆ ನಿರೀಕ್ಷೆಯನ್ನು ನೆಪಮಾಡಿಕೊಂಡು ಇಲ್ಲಿಯ ಮನೆಯನ್ನು ಅಲಕ್ಷ್ಯಮಾಡುವದು ನಮಗೆ ತಕ್ಕದ್ದಲ್ಲ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿಯಾದ ಯೆರೆಮೀಯನು ಬರೆದ ಪತ್ರದಲ್ಲಿ, ಅನ್ಯದೇಶದಲ್ಲಿಯೇ ಮನೆಗಳನ್ನು ಕಟ್ಟಿ, ತೋಟಗಳನ್ನು ನೆಟ್ಟು, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಅಪ್ಪಣೆಯಿತ್ತು. ಮೇಲಣ ಮನೆಯನ್ನು ನಂಬುವವನು ಕೆಳಗಣ ಮನೆಯ ಬಾಗಿಲನ್ನು ತೆರೆದಿಡಲಿ. ಒಂಟಿಗರನ್ನು ಮನೆಗಳಲ್ಲಿ ಸೇರಿಸುವ ದೇವರು ಈ ಕಾರ್ಯಕ್ಕೆ ನಮ್ಮ ಮನೆಯನ್ನೂ ಎಣಿಸಿಕೊಳ್ಳಲಿ. ಆತನು ಕಳುಹಿಸುವವರು ಬರುವಾಗ ನಮ್ಮ ದೀಪವು ಉರಿಯುತ್ತಿರಲಿ. ಆಮೆನ್.